ಅರವತ್ತು ಹರಳುಗಳ ಚೀಟಿ

ವಿಶಾಲಾಕ್ಷಿ ಮುದಗಲ್ ಭೌತವಿಜ್ಞಾನಿಯಲ್ಲ. ರಾಯಚೂರು ಸೀಮೆಯ ಹೊಲಗಳಲ್ಲಿ ಇಪ್ಪತ್ತು ವರ್ಷ ತೊಗರಿ ತಳಿಗಳ ಪರೀಕ್ಷೆಗೆ ಯೋಜನೆ ಹಾಕಿಕೊಟ್ಟ ಸಂಖ್ಯಾಶಾಸ್ತ್ರಜ್ಞೆ. ಯಾವ ತಳಿಯನ್ನು ಯಾವ ಪಾತಿಯಲ್ಲಿ ಬಿತ್ತಬೇಕು, ಎಷ್ಟು ಸಲ ಬಿತ್ತಬೇಕು, ಹೊಲದ ಒಂದು ಮೂಲೆ ಹಸಿಯಾಗಿದ್ದರೆ ಅದು ಫಲಿತಾಂಶಕ್ಕೆ ಮೋಸ ಮಾಡದಂತೆ ಹೇಗೆ ಹಂಚಬೇಕು, ಇವೆಲ್ಲ ಅವಳ ಕಸುಬು. ಹಾಗಾಗಿ ಬೆಳ್ಳಿಗಲ್ಲು ಗಣಿಯ ಪ್ರಯೋಗಾಲಯದಿಂದ ಪತ್ರ ಬಂದಾಗ ವಿಳಾಸ ತಪ್ಪಿರಬೇಕು ಅಂದುಕೊಂಡಳು.

ಬೆಳ್ಳಿಗಲ್ಲು ಹಳೆಯ ಚಿನ್ನದ ಗಣಿ. ಚಿನ್ನ ಮುಗಿದು ಮುಚ್ಚಿದ ಮೇಲೆ, ನೆಲದಿಂದ ಒಂಬೈನೂರು ಮೀಟರ್ ಕೆಳಗಿನ ಒಂದು ಸುರಂಗವನ್ನು ವಿಜ್ಞಾನಿಗಳು ಪಡೆದುಕೊಂಡಿದ್ದರು. ವಿಶ್ವದ ದ್ರವ್ಯದಲ್ಲಿ ಬಹುಪಾಲು ಯಾರ ಕಣ್ಣಿಗೂ ಬೀಳದ ಕಪ್ಪುದ್ರವ್ಯ. ಅದರ ಕಣವೊಂದು ಅಪರೂಪಕ್ಕೆ ಒಂದು ಹರಳಿನೊಳಗಿನ ಪರಮಾಣುವಿಗೆ ಡಿಕ್ಕಿ ಹೊಡೆದರೆ ಸೂಜಿಮೊನೆಯಷ್ಟು ಬೆಳಕು ಚಿಮ್ಮಬೇಕು. ಆಕಾಶದಿಂದ ಸುರಿಯುವ ಬೇರೆ ಕಿರಣಗಳ ಗದ್ದಲ ಅಲ್ಲಿಯವರೆಗೆ ಇಳಿಯಬಾರದೆಂದೇ ಅಷ್ಟು ಆಳ.

ಈ ಕೆಲಸದ ಮುಖ್ಯಸ್ಥರು ಪ್ರೊಫೆಸರ್ ವಾದಿರಾಜ ತಂತ್ರಿ. ಉಡುಪಿ ಕಡೆಯವರು. ಇಪ್ಪತ್ತೆರಡು ವರ್ಷಗಳನ್ನು ಇದೇ ಕಣಕ್ಕೆ ಕೊಟ್ಟಿದ್ದರು. ಇದೇ ಸುರಂಗದಲ್ಲಿ ನಡೆಸಿದ ಒಂಬತ್ತು ಹರಳುಗಳ ಮೊದಲ ಪ್ರಯೋಗದಲ್ಲಿ ಅವರಿಗೊಂದು ಏರಿಳಿತ ಸಿಕ್ಕಿತ್ತು. ಮಿಂಚುಗಳ ಎಣಿಕೆ ಜೂನ್‌ನಲ್ಲಿ ಏರುತ್ತಿತ್ತು, ಡಿಸೆಂಬರ್‌ನಲ್ಲಿ ಇಳಿಯುತ್ತಿತ್ತು. ಭೂಮಿ ಸೂರ್ಯನನ್ನು ಸುತ್ತುತ್ತಾ ಕಪ್ಪುದ್ರವ್ಯದ ಗಾಳಿಗೆ ಜೂನ್‌ನಲ್ಲಿ ಎದುರಾಗಿ ಓಡುತ್ತದೆ ಎಂದು ಸಿದ್ಧಾಂತವೂ ಹೇಳುತ್ತಿತ್ತು. ಈಗ ಅರವತ್ತು ಹೊಸ ಹರಳುಗಳು ತಯಾರಾಗಿದ್ದವು. ಅವುಗಳನ್ನು ಬೆಳೆಸಲು ಹನ್ನೊಂದು ವರ್ಷ ಹಿಡಿದಿತ್ತು.

"ನೋಡಿ ಮೇಡಂ," ಎಂದರು ತಂತ್ರಿಯವರು ಮೊದಲ ದಿನವೇ. "ಹೊರಗಿನ ಸಂಖ್ಯಾಶಾಸ್ತ್ರಜ್ಞರೊಬ್ಬರು ವಿನ್ಯಾಸ ನೋಡಿ ಸಹಿ ಹಾಕಬೇಕಂತ ಹಣ ಕೊಡುವ ಸಮಿತಿಯವರ ಹಟ. ಅರವತ್ತನ್ನೂ ಒಟ್ಟಿಗೆ ಇಡುವುದು, ಹದಿನಾಲ್ಕು ತಿಂಗಳು ಎಣಿಸುವುದು. ಇದರಲ್ಲಿ ನೋಡಲಿಕ್ಕೆ ಎಂತ ಉಂಟು?"

ಅವರ ನಿವೃತ್ತಿಗೆ ಹತ್ತೊಂಬತ್ತು ತಿಂಗಳು ಉಳಿದಿತ್ತು. ಅದನ್ನು ಅವರು ಹೇಳಲಿಲ್ಲ. ಉಳಿದವರೆಲ್ಲ ಹೇಳಿದರು.

"ಒಂದು ತಿಂಗಳು ಕೊಡ್ರಿ ಸರ್," ಎಂದಳು ವಿಶಾಲಾಕ್ಷಿ.

ಗಣಿಯ ಕಾಲೊನಿಯಲ್ಲಿ ಯಂಕೋಬಣ್ಣನ ಮನೆಯ ಮುಂದಿನ ಕೋಣೆ ಅವಳಿಗೆ ಸಿಕ್ಕಿತು. ಯಂಕೋಬಣ್ಣ ಹದಿನೆಂಟನೇ ವಯಸ್ಸಿಗೆ ಚಿನ್ನ ತೆಗೆಯಲು ಇಳಿದವನು. ಈಗ ಜನರನ್ನು ಕೆಳಗಿಳಿಸುವ ತೊಟ್ಟಿಲು, ಸುರಂಗಕ್ಕೆ ಗಾಳಿ ನೂಕುವ ದೊಡ್ಡ ಫ್ಯಾನು ಎರಡೂ ಅವನ ಕೈಯಲ್ಲಿದ್ದವು. ಅವನ ಹೆಂಡತಿ ಹುಸೇನಮ್ಮ. ತಾಯಿ ಮೊಹರಂ ದೇವರಿಗೆ ಹರಕೆ ಹೊತ್ತು ಹೆತ್ತದ್ದರಿಂದ ಬಂದ ಹೆಸರದು. ಮಾತು ಚುರುಕು, ರೊಟ್ಟಿ ತೆಳು.

ಮೊದಲ ವಾರ ವಿಶಾಲಾಕ್ಷಿ ಕಂಪ್ಯೂಟರ್ ಮುಟ್ಟಲೇ ಇಲ್ಲ. ಹೊಲಕ್ಕೆ ಹೋದಾಗ ಮೊದಲು ಹೊಲದವರನ್ನು ಮಾತಾಡಿಸುವುದು ಅವಳ ರೂಢಿ. ಇಲ್ಲಿ ಯಂಕೋಬಣ್ಣನನ್ನು ಕೇಳಿದಳು: "ಅಣ್ಣಾ, ಆ ಸುರಂಗದಾಗ ಎಲ್ಲಾ ಕಡಿ ಒಂದೇ ನಮೂನಿ ಇರ್ತದೇನ್ರೀ?"

"ಎಲ್ಲಿ ಒಂದೇ ನಮೂನಿ?" ಯಂಕೋಬಣ್ಣ ತಟ್ಟೆಯಿಂದ ತಲೆಯೆತ್ತಿದ. "ಮಿರಗದ ಮಳಿ ಬಿದ್ದು ಹದಿನೈದು ದಿನಕ್ಕ ಪಡುವಲ ಗ್ವಾಡಿ ಬೆವರ್ತದ. ಹಳೇ ಶಾಫ್ಟಿನ ನೀರು ಆ ಕಡಿಗೆ ಹಾದಿ ಮಾಡ್ಕೊಂಡದ. ಮೂಡಲ ಗ್ವಾಡಿ ಯಾವಾಗ್ಲೂ ಒಣಾ."

"ಇದನ್ನ ಸರ್‌ಗೆ ಹೇಳೀರೇನು?"

"ಅವರು ಕೇಳಿಲ್ಲ, ನಾ ಹೇಳಿಲ್ಲ."

ಮಿರಗದ ಮಳೆ ಅಂದರೆ ಜೂನ್. ಬಂಡೆಯಲ್ಲಿ ಇಳಿದು ಬರುವ ನೀರು ರೇಡಾನ್ ಅನಿಲವನ್ನು ಹೊತ್ತು ತರುತ್ತದೆ, ರೇಡಾನ್‌ನ ಕಿರಣ ತಾಗಿದರೂ ಹರಳು ಮಿಂಚುತ್ತದೆ. ವಿಶಾಲಾಕ್ಷಿಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಸಿದ್ಧಾಂತ ಹೇಳುವ ತಿಂಗಳಿಗೂ ಗೋಡೆ ಬೆವರುವ ತಿಂಗಳಿಗೂ ವ್ಯತ್ಯಾಸವೇ ಇಲ್ಲವಲ್ಲ!

ಮರುದಿನದಿಂದ ಅವಳು ಕಂಪ್ಯೂಟರಿನಲ್ಲಿ ಅಣಕು ಜಗತ್ತುಗಳನ್ನು ಕಟ್ಟತೊಡಗಿದಳು. ಒಂದು ಜಗತ್ತಿನಲ್ಲಿ ಕಪ್ಪುದ್ರವ್ಯದ ಕಣ ಉಂಟು, ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ ಪಡುವಣ ಗೋಡೆ ಹೆಚ್ಚು ಬೆವರುತ್ತದೆ, ಇನ್ನೊಂದರಲ್ಲಿ ಕಡಿಮೆ. ಹೀಗೆ ಲಕ್ಷಾಂತರ. ಪ್ರತಿಯೊಂದರಲ್ಲೂ ತಂತ್ರಿಯವರ ಪ್ರಯೋಗವನ್ನು ಮೊದಲಿಂದ ಕೊನೆಯವರೆಗೆ ನಡೆಸಿ ಏನು ಕಾಣುತ್ತದೆಂದು ಬರೆದುಕೊಳ್ಳುವುದು. ನಿಜವಾದ ಹರಳನ್ನು ಮುಟ್ಟುವ ಮೊದಲೇ, ಈ ಪ್ರಯೋಗಕ್ಕೆ ಎರಡು ಜಗತ್ತುಗಳನ್ನು ಬೇರೆ ಮಾಡುವ ಶಕ್ತಿ ಇದೆಯೇ ಎಂದು ತಿಳಿಯುವ ದಾರಿ ಇದು.

ತಿಂಗಳ ಕೊನೆಗೆ ಅವಳು ಇಪ್ಪತ್ತು ಹಾಳೆ ಹಿಡಿದು ಸುರಂಗದೊಳಗಿನ ನಿಯಂತ್ರಣ ಕೊಠಡಿಗೆ ಇಳಿದಳು. ಪ್ರತಿ ಹಾಳೆಯಲ್ಲೂ ಒಂದು ನಕ್ಷೆ, ವರ್ಷವಿಡೀ ಏರಿ ಇಳಿಯುವ ಒಂದು ಗೆರೆ.

"ಸರ್, ಇವು ನಿಮ್ಮ ಪ್ರಯೋಗದ್ದೇ ಫಲಿತಾಂಶ. ಹತ್ತು ಹಾಳಿ ಕಣ ಇರೋ ಜಗತ್ತಿನವು, ಹತ್ತು ಹಾಳಿ ಕಣ ಇಲ್ಲದ ಜಗತ್ತಿನವು. ಬ್ಯಾರೆ ಮಾಡಿ ಇಡ್ರಿ."

ತಂತ್ರಿಯವರು ನಕ್ಕರು. ಕನ್ನಡಕ ಒರೆಸಿಕೊಂಡು ಮೇಜಿನ ಮೇಲೆ ಹಾಳೆಗಳನ್ನು ಹರಡಿದರು. ಅರ್ಧ ಗಂಟೆ ಎಡಕ್ಕೆ ಬಲಕ್ಕೆ ಸರಿಸಿದರು. ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ. ಕೊನೆಯ ಎರಡು ಹಾಳೆಗಳನ್ನು ತುಂಬ ಹೊತ್ತು ಹಿಡಿದುಕೊಂಡೇ ಇದ್ದರು.

ವಿಶಾಲಾಕ್ಷಿ ಹಿಂಬದಿಯ ಗುರುತು ನೋಡಿ ಎಣಿಸಿದಳು. "ಹನ್ನೊಂದು ಸರಿ."

ಇಪ್ಪತ್ತಕ್ಕೆ ಹನ್ನೊಂದು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಕೊಠಡಿಯಲ್ಲಿದ್ದ ಇಬ್ಬರು ಸಹಾಯಕರು ಪರದೆಯತ್ತ ಮುಖ ತಿರುಗಿಸಿಕೊಂಡರು.

"ಈಗ ಇವು," ಎಂದು ಅವಳು ಇನ್ನೂ ಇಪ್ಪತ್ತು ಹಾಳೆ ಇಟ್ಟಳು. "ನಾ ಹೇಳೋ ವಿನ್ಯಾಸದಲ್ಲಿ ಬಂದವು."

ಈ ಸಲ ಹತ್ತೇ ನಿಮಿಷ. ಹತ್ತೊಂಬತ್ತು ಸರಿ.

"ಎಂತ ಬದಲಾಯಿಸಿದ್ದೀರಿ?" ಎಂದರು ತಂತ್ರಿಯವರು.

ಅವಳು ಹೇಳಿದಳು. ಅರವತ್ತರಲ್ಲಿ ಇಪ್ಪತ್ತು ಹರಳುಗಳನ್ನು ತೆಗೆದಿಟ್ಟು, ಆ ಜಾಗದಲ್ಲಿ ಹಗುರ ಧಾತುವಿನ ಹರಳು ಇಡಬೇಕು. ಕಪ್ಪುದ್ರವ್ಯದ ಕಣ ಭಾರದ ಪರಮಾಣುವಿಗೆ ತಾಗುವಂತೆ ಹಗುರದ್ದಕ್ಕೆ ತಾಗುವುದಿಲ್ಲ. ರೇಡಾನ್ ಮಾತ್ರ ಎರಡನ್ನೂ ಸಮನಾಗಿ ಬೆಳಗಿಸುತ್ತದೆ. ಎಲ್ಲವೂ ಒಂದೇ ಥರದ ತಾಮ್ರದ ಡಬ್ಬಿಯಲ್ಲಿರಬೇಕು. ಪಡುವಣ ಗೋಡೆಯಿಂದ ಮೂಡಣಕ್ಕೆ ಐದು ಸಾಲು, ಪ್ರತಿ ಸಾಲಿನಲ್ಲೂ ಎರಡು ಬಗೆಗೂ ಸರಿಯಾದ ಪಾಲು, ಸಾಲಿನೊಳಗೆ ಜಾಗ ಮಾತ್ರ ಚೀಟಿ ಎತ್ತಿದಂತೆ. ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ಕೊನೆಯವರೆಗೂ ಯಾರಿಗೂ ಗೊತ್ತಿರಬಾರದು. ಫ್ಯಾನು ಕೂಡ ಈಗಿನಂತೆ ದಿನಾ ಒಂದೇ ಹೊತ್ತಿಗೆ, ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರ ತನಕ, ಓಡಬಾರದು, ಅದರ ಹೊತ್ತನ್ನೂ ಚೀಟಿಯೇ ಹೇಳಬೇಕು. ಇಲ್ಲದಿದ್ದರೆ, ಗಾಳಿಯ ಜೊತೆ ರೇಡಾನ್ ಕೂಡ ಏರಿಳಿಯುವುದರಿಂದ, ಫ್ಯಾನಿನ ದಿನಚರಿ ಹರಳಿನ ದಿನಚರಿಯಾಗಿ ಕಾಣುತ್ತದೆ.

"ಎಷ್ಟು ಕಾಲ?"

"ಮೂರು ವರ್ಷ ಸರ್. ಭಾರದ ಹರಳು ಕಡಿಮಿ ಆಗ್ತಾವಲ್ಲ."

ತಂತ್ರಿಯವರು ಎದ್ದು ಹೊರಟುಹೋದರು. ನಾಲ್ಕು ದಿನ ಅವಳ ಜೊತೆ ಮಾತಾಡಲಿಲ್ಲ. ಸಮಿತಿಗೆ ಬರೆದು ಬೇರೆ ಸಂಖ್ಯಾಶಾಸ್ತ್ರಜ್ಞರನ್ನು ಕೇಳುತ್ತಾರಂತೆ ಎಂಬ ಸುದ್ದಿ ಹಬ್ಬಿತು. ವಿಶಾಲಾಕ್ಷಿ ಪೆಟ್ಟಿಗೆ ಕಟ್ಟಿಟ್ಟಳು. ತಪ್ಪು ಮಾಡಿದ್ದೇನೆ ಅನಿಸಲಿಲ್ಲ. ಆದರೆ ಹಾಳೆಗಳನ್ನು ಅವರೊಬ್ಬರೇ ಇದ್ದಾಗ ತೋರಿಸಬೇಕಿತ್ತು ಎಂದು ಮನಸ್ಸು ಚುಚ್ಚುತ್ತಿತ್ತು.

ಐದನೇ ದಿನ ತಂತ್ರಿಯವರೇ ಯಂಕೋಬಣ್ಣನ ಮನೆಗೆ ಬಂದರು. ಕಟ್ಟೆಯ ಮೇಲೆ ಕೂತರು. ಹುಸೇನಮ್ಮ ಕೊಟ್ಟ ಚಹಾ ಕುಡಿದರು.

"ಆ ಹಾಳೆಗಳ ಪರೀಕ್ಷೆಯನ್ನು ನಾನು ಮನೆಯಲ್ಲಿ ಇನ್ನೂ ಮೂರು ಸಲ ಮಾಡಿ ನೋಡಿದೆ," ಎಂದರು. "ಪ್ರತಿ ಸಲ ಸಹಾಯಕರಿಂದ ಹೊಸ ಹಾಳೆ ತೆಗೆಸಿದೆ. ಹತ್ತು, ಒಂಬತ್ತು, ಹನ್ನೆರಡು. ಕಣ ಇದ್ದರೂ ಇಲ್ಲದಿದ್ದರೂ ಸಿಗುವುದು ಗ್ಯಾರಂಟಿ ಅಂತಾದರೆ ಹುಡುಕಿ ಎಂತ ಪ್ರಯೋಜನ ಮಾರಾಯ್ರೆ? ನಿಮ್ಮ ಕಾಗದ ತನ್ನಿ, ಸಹಿ ಹಾಕುತ್ತೇನೆ."

ಜನವರಿಯಲ್ಲಿ ಎಣಿಕೆ ಶುರುವಾಯಿತು. ಡಬ್ಬಿಗಳ ಗುಟ್ಟು ಬರೆದ ಕಾಗದವನ್ನು ಲಕೋಟೆಗೆ ಹಾಕಿ ಅರಗು ಮುದ್ರೆ ಒತ್ತಿ ಪ್ರಯೋಗಾಲಯದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟರು. ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿ ತಂತ್ರಿಯವರ ಬಳಿ, ಇನ್ನೊಂದು ವಿಶಾಲಾಕ್ಷಿಯ ಬಳಿ. ಅವಳು ಕೆಲಸ ಮಾಡುತ್ತಿದ್ದ ಕೃಷಿ ವಿಶ್ವವಿದ್ಯಾಲಯ ಅವಳನ್ನು ಗಣಿಗೆ ಎರವಲು ಕೊಟ್ಟಿತು. ಕಟ್ಟಿಟ್ಟಿದ್ದ ತನ್ನ ಪೆಟ್ಟಿಗೆ ಬಿಚ್ಚಿ ಸೀರೆಗಳನ್ನು ಮತ್ತೆ ಗೂಡಿನಲ್ಲಿ ಜೋಡಿಸಿದಳು.

ಚೀಟಿಯ ಬಿಸಿ ಮೊದಲು ತಾಗಿದ್ದು ಹುಸೇನಮ್ಮನಿಗೆ. ಫ್ಯಾನಿನ ಹೊತ್ತು ಒಂದು ದಿನ ನಸುಕಿಗೆ ಬಂದರೆ ಮರುದಿನ ಮಧ್ಯಾಹ್ನ, ಅದರ ಮರುದಿನ ಸಂಜೆ. ಯಂಕೋಬಣ್ಣನ ಊಟ, ನಿದ್ದೆ, ಸಂತೆ ಯಾವುದಕ್ಕೂ ನೆಲೆ ಇಲ್ಲದಂತಾಯಿತು.

"ಏನ್ರೀ ಯವ್ವಾ, ನಿಮ್ಮ ಚೀಟಿಗೆ ಕಣ್ಣಿಲ್ಲೇನು?" ಒಂದು ದಿನ ಹುಸೇನಮ್ಮ ಒಲೆಯ ಮುಂದಿನಿಂದಲೇ ಕೇಳಿದಳು. "ನನ್ನ ತಂಗಿ ಮಗಳ ಉಡಿ ತುಂಬೋ ದಿನಾನೇ ಇವ್ರಿಗೆ ಹನ್ನೆರಡಕ್ಕ ಡ್ಯೂಟಿ. ಒಂದ್ ದಿನ ಆಚಿ ಈಚಿ ಮಾಡಿದ್ರ ನಿಮ್ಮ ಕಣ ಸಿಟ್ಟಾಗ್ತದೇನು?"

"ಕಣ್ಣಿಲ್ಲ ಅಂತನೇ ಅದನ್ನ ನಂಬೋದು ಅಕ್ಕಾ," ಎಂದಳು ವಿಶಾಲಾಕ್ಷಿ. "ನಮ್ಮ ಅನುಕೂಲ ನೋಡಿ ನಾವು ಹೊತ್ತು ಆರಿಸಿದ್ರ, ನಮ್ಮ ಅನುಕೂಲನೇ ಫಲಿತಾಂಶದಾಗ ಬಂದು ಕುಂದರ್ತದ."

"ಅದೆಲ್ಲ ನನಗ ತಿಳೀಲಿಲ್ಲ. ಊಟಕ್ಕ ಯಾರ್ ಬರ್ತಾರ ಹೇಳ್ರಿ."

ಆ ಮಧ್ಯಾಹ್ನ ಫ್ಯಾನಿನ ಹತ್ತಿರ ಕೂತದ್ದು ವಿಶಾಲಾಕ್ಷಿ. ಯಂಕೋಬಣ್ಣ ಹೊಸ ಧೋತರ ಉಟ್ಟು ಉಡಿ ತುಂಬುವ ಊರಿಗೆ ಹೋದ. ಅಲ್ಲಿಂದ ಅದೇ ರೂಢಿಯಾಯಿತು. ಚೀಟಿ ಬದಲಾಗದು, ಫ್ಯಾನಿನ ಬಳಿ ಕೂರುವವರು ಬದಲಾಗಬಹುದು. ಗುಟ್ಟು ಒಡೆಯುವ ಆಸೆ ಎಲ್ಲರಿಗೂ ಇತ್ತು. ಮಿಂಚುಗಳ ಎಣಿಕೆ ದಿನಾ ಪರದೆಯ ಮೇಲೆ ಏರುತ್ತಿತ್ತು, ಆದರೆ ಅದರ ಅರ್ಥ ಲಕೋಟೆಯಲ್ಲಿತ್ತು.

ವಿಶಾಲಾಕ್ಷಿ ಗಣಿಗೆ ಬಂದ ಹತ್ತೊಂಬತ್ತನೇ ತಿಂಗಳು ತಂತ್ರಿಯವರ ನಿವೃತ್ತಿಯ ದಿನ ಬಂತು. ಶಾಲು, ಹಾರ, ಭಾಷಣ ಮುಗಿದ ಮೇಲೆ ಅವರು ವಿಶಾಲಾಕ್ಷಿಯನ್ನು ಕಬ್ಬಿಣದ ಪೆಟ್ಟಿಗೆಯ ಕೋಣೆಗೆ ಕರೆದರು. ಅವರ ಕೈಯಲ್ಲಿ ಕೀಲಿ ಇತ್ತು.

 ತೆರೆಯೋಣ ಎಂದು ಇವರು ಕೇಳಿದರೆ? ಇಲ್ಲ ಎನ್ನುವುದು ಅವಳ ಕೆಲಸ. ಆದರೆ ಈ ಮನುಷ್ಯನ ಎದುರು ನಿಂತು ಇಲ್ಲ ಎನ್ನಲು ಬಾಯಿ ಬರುತ್ತದೆಯೇ?

ತಂತ್ರಿಯವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. "ಇಲ್ಲಿ ಒಬ್ಬನೇ ಬಂದರೆ ಕಷ್ಟ ಆದೀತು ಅಂತ ನಿಮ್ಮನ್ನು ಕರೆದದ್ದು," ಎಂದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ಯಂಕೋಬಣ್ಣನ ಕೈಗೆ ಕೀಲಿ ಕೊಟ್ಟರು. "ನೀವು ಇಟ್ಟುಕೊಳ್ಳಿ. ನಿಮಗೆ ಆ ಕಣದ ಮೇಲೆ ಆಸೆ ಇಲ್ಲ ಅಲ್ವಾ?"

"ನನಗ ಬೀಗದ ಆಸೇನೂ ಇಲ್ರೀ ಸಾಹೇಬ್ರ," ಎಂದ ಯಂಕೋಬಣ್ಣ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಾ.

ಮೂರು ವರ್ಷ ತುಂಬಿದ ಮರುದಿನ ಬೆಳಗ್ಗೆ ಹತ್ತಕ್ಕೆ ಲಕೋಟೆ ತೆರೆಯಬೇಕೆಂದು ಮೊದಲೇ ಬರೆದಿಟ್ಟಿದ್ದರು. ತಂತ್ರಿಯವರು ಉಡುಪಿಯಿಂದ ಹಿಂದಿನ ದಿನವೇ ಬಂದಿದ್ದರು. ವಿಶಾಲಾಕ್ಷಿ ಕಾಗದದ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟಳು. ಪರದೆಯ ಮೇಲೆ ಎರಡು ಗೆರೆ ಮೂಡಿದವು, ಒಂದು ಭಾರದ ಹರಳುಗಳದ್ದು, ಒಂದು ಹಗುರದ್ದು.

ಎರಡೂ ಜೂನ್‌ನಲ್ಲಿ ಏರಿದ್ದವು. ಒಂದರ ಮೇಲೊಂದು ಕೂತಷ್ಟು ಸರಿಯಾಗಿ ಏರಿದ್ದವು. ಸಾಲುಗಳನ್ನು ಬೇರೆ ಮಾಡಿ ನೋಡಿದಾಗ ಪಡುವಣ ಗೋಡೆಯ ಪಕ್ಕದ ಸಾಲಿನಲ್ಲಿ ದೊಡ್ಡ ಏರಿಕೆ, ಮುಂದಿನದರಲ್ಲಿ ಕಡಿಮೆ, ಮೂಡಣದ ಕೊನೆಯ ಸಾಲಿನಲ್ಲಿ ಏನೂ ಇಲ್ಲ.

"ನೀರು," ಎಂದರು ತಂತ್ರಿಯವರು. ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿದರು. "ಇಪ್ಪತ್ತೈದು ವರ್ಷ ನಾನು ನೀರನ್ನು ಎಣಿಸಿದೆ."

 ವಿಶಾಲಾಕ್ಷಿಗೆ ಗೆದ್ದೆ ಅನಿಸಲಿಲ್ಲ. ಅವಳು ಮೆಲ್ಲಗೆ ಒಂದು ಲೋಟ ಚಹಾ ತಂದು ಅವರ ಪಕ್ಕ ಇಟ್ಟಳು. ಅವರು ಕುಡಿಯಲಿಲ್ಲ, ಆದರೆ ಎದ್ದು ಹೋಗಲೂ ಇಲ್ಲ. ಮಧ್ಯಾಹ್ನದ ತನಕ ಅಲ್ಲೇ ಕೂತು ಪ್ರತಿ ಸಾಲಿನ ಲೆಕ್ಕವನ್ನೂ ಮತ್ತೊಮ್ಮೆ ನೋಡಿದರು.

ಪ್ರಯೋಗದ ಉದ್ದೇಶ ಅಲ್ಲಿಗೆ ಮುಗಿದಿತ್ತು. ಆದರೂ ಕೊಯ್ಲಾದ ಹೊಲದಲ್ಲಿ ಒಂದು ಸುತ್ತು ಹಾಕಿ ಬರುವ ಅಭ್ಯಾಸ ವಿಶಾಲಾಕ್ಷಿಗೆ. ಮುಂದಿನ ತಿಂಗಳು ಅವಳು ಉಳಿದ ಎಣಿಕೆಯಲ್ಲಿ ಬೇರೆ ಯಾವುದಾದರೂ ತಾಳ ಇದೆಯೇ ಎಂದು ಹುಡುಕಿದಳು. ವಾರದ್ದು, ತಿಂಗಳದ್ದು, ಚಂದ್ರನದ್ದು, ಹಗಲು ರಾತ್ರಿಯದ್ದು. ಹಗಲು ರಾತ್ರಿಯ ತಾಳ ಇರಲಿಲ್ಲ. ಫ್ಯಾನಿನ ಚೀಟಿ ಅದನ್ನು ಚೆನ್ನಾಗಿಯೇ ಅಳಿಸಿತ್ತು. ಆದರೆ ಇಪ್ಪತ್ತನಾಲ್ಕು ಗಂಟೆಗೆ ನಾಲ್ಕು ನಿಮಿಷ ಕಡಿಮೆ ಇರುವ ಜಾಗದಲ್ಲಿ ಒಂದು ಸಣ್ಣ ಉಬ್ಬು ಕಂಡಿತು.

ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಇಪ್ಪತ್ಮೂರು ಗಂಟೆ ಐವತ್ತಾರು ನಿಮಿಷ. ಸೂರ್ಯನ ಕಡೆಯಿಂದಲ್ಲ, ನಕ್ಷತ್ರಗಳ ಕಡೆಯಿಂದ ಲೆಕ್ಕ ಹಾಕಿದರೆ ಭೂಮಿ ಒಂದು ಸುತ್ತು ಮುಗಿಸುವುದು ಅಷ್ಟು ಹೊತ್ತಿಗೆ. ಗಣಿಯಲ್ಲಿ, ಕಾಲೊನಿಯಲ್ಲಿ, ಈ ಲೋಕದ ಯಾವ ಕೆಲಸದಲ್ಲೂ ಆ ಗಡಿಯಾರವನ್ನು ಪಾಲಿಸುವವರಿಲ್ಲ. ಉಬ್ಬು ಭಾರದ ಹರಳುಗಳಲ್ಲಿ ಮಾತ್ರ ಇತ್ತು, ಹಗುರದ್ದರಲ್ಲಿ ಇರಲಿಲ್ಲ. ಪಡುವಣ, ಮೂಡಣ ಎಂಬ ಭೇದವೂ ಇರಲಿಲ್ಲ.

ಸಹಾಯಕರಿಬ್ಬರೂ ಕುಣಿದಾಡಿದರು. "ಬರೀ ಆಕಸ್ಮಿಕದಿಂದ ಇದು ಕಾಣುವ ಸಾಧ್ಯತೆ ಏಳುನೂರಕ್ಕೆ ಒಂದು! ಪತ್ರಿಕೆಯವರನ್ನ ಕರೆಯೋಣ ಮೇಡಂ." ಹೊಸ ಮುಖ್ಯಸ್ಥರೂ ಒಪ್ಪಿದರು. ವಿಶಾಲಾಕ್ಷಿ ಉಡುಪಿಗೆ ಫೋನ್ ಮಾಡಿದಳು.

ತಂತ್ರಿಯವರು ಎಲ್ಲ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಹಾಕಿದರು. "ಒಟ್ಟು ಎಷ್ಟು ತಾಳ ಹುಡುಕಿದಿರಿ?"

"ಇಪ್ಪತ್ತು ಸರ್."

"ಇಪ್ಪತ್ತು ಕಡೆ ಕೈ ಹಾಕಿದರೆ ಒಂದು ಕಡೆ ಏನಾದರೂ ಸಿಕ್ಕೇ ಸಿಗುತ್ತದೆ. ಹಾಗಾದರೆ ಅದು ಏಳುನೂರಕ್ಕೆ ಒಂದಲ್ಲ, ಮೂವತ್ತೈದಕ್ಕೆ ಒಂದು. ಹೌದೋ ಅಲ್ಲವೋ?"

"ಹೌದ್ರೀ ಸರ್." ಅವಳು ಫೋನ್ ಮಾಡಿದ್ದೇ ಈ ಮಾತು ಬೇರೆ ಯಾರಾದರೂ ಹೇಳಲಿ ಎಂದು.

"ಮುಖ್ಯಸ್ಥರಿಗೆ ನಾನು ಮಾತಾಡುತ್ತೇನೆ. ಯಾರನ್ನೂ ಕರೆಯುವುದು ಬೇಡ. ಈ ಒಂದನ್ನೇ ಹುಡುಕಲಿಕ್ಕೆ ವಿನ್ಯಾಸ ಮಾಡಿ. ನಾನು ನಾಳೆ ಹೊರಟು ಬರುತ್ತೇನೆ."

ಅಣಕು ಜಗತ್ತುಗಳು ಮತ್ತೆ ಓಡಿದವು. ಈ ಸಲ ಹುಡುಕುವ ವಸ್ತು ಬೇರೆ, ಆದ್ದರಿಂದ ಒಳ್ಳೆಯ ಪ್ರಯೋಗದ ಆಕಾರವೂ ಬೇರೆ. ಒದ್ದೆ ಸಾಲುಗಳನ್ನು ಬಿಟ್ಟುಬಿಡಬೇಕು, ತೆಗೆದಿಟ್ಟಿದ್ದ ಇಪ್ಪತ್ತು ಹರಳುಗಳನ್ನೂ ಮೂಡಣಕ್ಕೆ ಸೇರಿಸಬೇಕು, ಹೊಸದಾಗಿ ಎರಡು ವರ್ಷ ಎಣಿಸಬೇಕು. ಇಂಥ ತಾಳ, ಇಂಥ ಹರಳುಗಳಲ್ಲಿ, ದಿನಕ್ಕೆ ನಾಲ್ಕು ನಿಮಿಷ ಮುಂಚಿತವಾಗಿ ಬರುವಂಥದ್ದು, ಆರು ತಿಂಗಳಿಗೆ ಹಗಲಿನದು ರಾತ್ರಿಗೆ ಸರಿಯುವಂಥದ್ದು, ಇದೊಂದೇ ಎಂದು ಬರೆದು ಸಹಿ ಹಾಕಿದರು, ಡಬ್ಬಿಗಳ ಗುಟ್ಟನ್ನು ಹೊಸ ಲಕೋಟೆಗೆ ಹಾಕಿ ಮುದ್ರೆ ಒತ್ತಿದರು. ತಂತ್ರಿಯವರು ಸಂಬಳವಿಲ್ಲದೆ ಕಾಲೊನಿಯಲ್ಲೇ ಉಳಿದರು. ಫ್ಯಾನಿನ ಚೀಟಿಯಲ್ಲಿ ಯಂಕೋಬಣ್ಣನ ಸರದಿ, ವಿಶಾಲಾಕ್ಷಿಯ ಸರದಿ ಆದಮೇಲೆ ಅವರದೂ ಒಂದು ಸರದಿ ಬರತೊಡಗಿತು. ಹುಸೇನಮ್ಮ ಅವರಿಗೆ ಖಾರ ಕಡಿಮೆ ಹಾಕಿದ ಪಲ್ಯ ಬೇರೆ ತೆಗೆದಿಡುತ್ತಿದ್ದಳು.

ಎರಡು ವರ್ಷದ ನಂತರ, ಒಂದು ಮಾರ್ಚ್ ಮಧ್ಯಾಹ್ನ, ನಿಯಂತ್ರಣ ಕೊಠಡಿಯಲ್ಲಿ ಹೊಸ ಲಕೋಟೆ ತೆರೆದರು. ವಿಶಾಲಾಕ್ಷಿ ಉತ್ತರ ನೋಡಿದಳು. ನಂಬಿಕೆ ಬರದೆ ಸಹಾಯಕನಿಂದ ಇನ್ನೊಮ್ಮೆ ಓಡಿಸಿದಳು.

ಉಬ್ಬು ಅಲ್ಲೇ ಇತ್ತು. ಮಾರ್ಚ್‌ನಲ್ಲಿ ನಡುಹಗಲಿಗೆ, ಸೆಪ್ಟೆಂಬರ್‌ನಲ್ಲಿ ನಡುರಾತ್ರಿಗೆ, ದಿನಕ್ಕೆ ನಾಲ್ಕು ನಿಮಿಷದಂತೆ ತಪ್ಪದೆ ಸರಿದಿತ್ತು. ಹಗುರ ಹರಳುಗಳು ಸುಮ್ಮನಿದ್ದವು. ಆಕಸ್ಮಿಕದ ಸಾಧ್ಯತೆ ನಲವತ್ತು ಸಾವಿರಕ್ಕೆ ಒಂದು. ಈ ಸಲ ಅದನ್ನು ಯಾವುದರಿಂದಲೂ ಗುಣಿಸಬೇಕಾಗಿರಲಿಲ್ಲ.

ಅರವತ್ತೆಂಟರ ತಂತ್ರಿಯವರು ಪರದೆಯ ಹತ್ತಿರ ಹೋಗಿ ನಿಂತರು. "ಇದು ನಾನು ಹುಡುಕಿದ ಕಣ ಅಲ್ಲ," ಎಂದರು. "ಅದರ ಗಾಳಿ ಬರಬೇಕಾದ ದಿಕ್ಕು ಬೇರೆ. ಇದು ಬೇರೆ ಎಲ್ಲಿಂದಲೋ ಬರುತ್ತಾ ಉಂಟು. ಎಂತದು ಮೇಡಂ ಇದು?"

"ಗೊತ್ತಿಲ್ಲ ಸರ್."

"ನನಗೂ ಗೊತ್ತಿಲ್ಲ!" ಎಂದರು ಅವರು. ಮಗುವಿನ ಕೈಗೆ ಹೊಸ ಆಟಿಕೆ ಬಂದಂತೆ ಅವರ ಮುಖ ಅರಳಿದ್ದನ್ನು ವಿಶಾಲಾಕ್ಷಿ ಮೊದಲ ಸಲ ನೋಡಿದಳು.

ವಿಶಾಲಾಕ್ಷಿ, ತಂತ್ರಿಯವರು, ಯಂಕೋಬಣ್ಣ ಮೂವರೂ ತೊಟ್ಟಿಲಲ್ಲಿ ಮೇಲೆ ಬಂದರು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಯಂಕೋಬಣ್ಣ ತೊಟ್ಟಿಲಿಗೆ ಅಗಳಿ ಹಾಕಿ ಕೇಳಿದ, "ಮನ್ಯಾಗ ಏನಂತ ಹೇಳ್ಲಿ ಮೇಡಂ? ಐದು ವರ್ಷ ಆತು, ಆಕಿ ಕೇಳೇ ಕೇಳ್ತಾಳ."

"ಚುಕ್ಕಿ ಕಡಿಂದ ಏನೋ ಬರಾಕತ್ತದ ಅಂತ ಹೇಳ್ರಿ ಅಣ್ಣಾ. ಏನಂತ ತಿಳಿದಿಲ್ಲ."

"ಯಾವ ಚುಕ್ಕಿ? ಈಗ ಎಲ್ಲೈತಿ ಅದು?"

ವಿಶಾಲಾಕ್ಷಿ ಗಡಿಯಾರ ನೋಡಿದಳು. ಮನಸ್ಸಿನಲ್ಲೇ ನಿಮಿಷಗಳನ್ನು ಲೆಕ್ಕ ಹಾಕಿದಳು. ಆಮೇಲೆ ಬಲಗೈ ಎತ್ತಿ, ಒಂದು ಮೋಡವೂ ಇಲ್ಲದ ನೀಲಿ ಆಕಾಶದಲ್ಲಿ ಉತ್ತರದ ತುದಿಯಿಂದ, ನೆತ್ತಿಗಿಂತ ತುಸು ಪಡುವಣಕ್ಕೆ ಹಾಯಿಸಿ, ದಕ್ಷಿಣದ ತುದಿಯವರೆಗೆ ಒಂದು ಉದ್ದ ಗೆರೆ ಎಳೆದಳು.

"ಈ ಗೆರಿ ಮ್ಯಾಲೆ ಎಲ್ಲೋ ಒಂದು ಕಡಿ. ಉಬ್ಬು ಬರೋ ಹೊತ್ತಿನಿಂದ ಗೆರಿ ಅಷ್ಟೇ ಗೊತ್ತಾಗೇದ. ಜಾಗ ಗೊತ್ತಿಲ್ಲ."

ಯಂಕೋಬಣ್ಣ ಅಂಗೈಯನ್ನು ಹುಬ್ಬಿಗೆ ಹಚ್ಚಿ, ಅವಳು ತೋರಿಸಿದ ಗೆರೆಯ ಗುಂಟ ಖಾಲಿ ಆಕಾಶವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದ. ತಂತ್ರಿಯವರು ಅಷ್ಟರಲ್ಲೇ ಜೇಬಿನಿಂದ ಪೆನ್ನು ತೆಗೆದು ಕಟ್ಟೆಯ ಮೇಲೆ ಕೂತು, ಜಾಗ ಹಿಡಿಯಬೇಕಾದರೆ ಹರಳುಗಳನ್ನು ಹೇಗೆ ಇಡಬೇಕು ಎಂದು ಲಕೋಟೆಯ ಹಿಂಬದಿಯಲ್ಲಿ ಗೀಚಲು ಶುರುಮಾಡಿದ್ದರು.